ಗೀಸರ್‌ಗೆ ಬೇರೆ ಲೈನ್ ಬೇಕು

ಮಾನ್ಯರೇ,

ಮಲೆನಾಡಿನ ಎಷ್ಟೋ ಹಳೆಯ ಮನೆಗಳಲ್ಲಿ ಬಚ್ಚಲಿನ ಹಂಡೆ ಹೋಗಿ ಗೀಸರ್ ಬಂದಿದೆ, ವೈರಿಂಗ್ ಮಾತ್ರ ಬಲ್ಬಿನ ಕಾಲದ್ದೇ ಉಳಿದಿದೆ.

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ನಲ್ಲಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಮೇನ್ ಆಫ್ ಮಾಡಿ ಗೀಸರಿನ ಪ್ಲಗ್ ಕಿತ್ತರೆ ಅದರ ಒಂದು ಕಾಲು ಕಪ್ಪಾಗಿತ್ತು, ಸಾಕೆಟ್ಟಿನ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಲೈಟಿನ ಲೈನಿನಲ್ಲೇ 6 ಆಂಪ್ ಸಾಕೆಟ್ ಹಾಕಿ ಕೊಟ್ಟಿದ್ದರು. 2000 ವ್ಯಾಟಿನ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ, ಸುಡದೇ ಇರುತ್ತದೆಯೇ? ಸೋರಿದ ಕರೆಂಟನ್ನು ನೆಲಕ್ಕಿಳಿಸಬೇಕಾದ ಅರ್ಥ್ ವೈರಂತೂ ಗೋಡೆಯೊಳಗೆ ಯಾವುದಕ್ಕೂ ಸೇರದೆ ಸುಮ್ನೆ ನೇತಾಡುತ್ತಿತ್ತು.

‘ಎಂಸಿಬಿ ಇದೆ ಅಲ್ವಾ’ ಎನ್ನುವವರೇ ಜಾಸ್ತಿ. ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಈ ಎಂಸಿಬಿ ಸ್ವಿಚ್ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಒದ್ದೆ ಮೈಗೆ ಶಾಕ್ ತಗುಲಿದಾಗ ಕರೆಂಟ್ ಕಡಿಯುವುದು 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಸ್ವಲ್ಪ ಕರೆಂಟ್ ಸೋರಿದರೂ ತಾನೇ ಆಫ್ ಆಗುವ ಸ್ವಿಚ್. ಅದರ ಜೊತೆಗೆ ಮನೆಯ ಮೇನ್ ಬೋರ್ಡಿನಿಂದಲೇ ಪ್ರತ್ಯೇಕ ಲೈನ್, 2.5 ಚದರ ಮಿಲಿಮೀಟರ್ ತಾಮ್ರದ ವೈರ್ (3000 ವ್ಯಾಟಿಗೆ 4 ಇದ್ದರೆ ಒಳ್ಳೆಯದು), 16 ಆಂಪ್ ಸಾಕೆಟ್ ಬೇಕು. ಸ್ವಿಚ್ ಬಚ್ಚಲಿನ ಹೊರಗಿರಲಿ. ಬೇಸಿಗೆಯಲ್ಲಿ ನಮ್ಮ ಜಂಬಿಟ್ಟಿಗೆ ಮಣ್ಣು ಒಣಗುತ್ತದೆ, ಆಗ ಅರ್ಥ್ ಗುಂಡಿಗೆ ಒಂದೆರಡು ಕೊಡ ನೀರು ಹಾಕಬೇಕು.

ಮಳೆ ಹಿಡಿಯುವ ಮೊದಲು, ಮೇ ತಿಂಗಳ ಬಿಲ್ಲಿನ ಹಿಂಬದಿಯಲ್ಲಿ ಮೆಸ್ಕಾಂ ಈ ನಾಲ್ಕು ಮಾತು ಅಚ್ಚು ಹಾಕಿಸಲಿ. ಪಂಚಾಯಿತಿಗಳು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಊರಿಗೆ ಒಂದು ದಿನ ಅರ್ಥಿಂಗ್ ಪರೀಕ್ಷೆ ಇಟ್ಟುಕೊಳ್ಳಲಿ.

– ಒಬ್ಬ ಓದುಗ, ಹೊಸನಗರ