ಕಾರಣ ಇಲ್ಲದಿದ್ದರೂ ಡಾಕ್ಟರ್ ಹತ್ತಿರ ಹೋಗಬಹುದು ಮಗಳೇ

ಪುಟ್ಟಿ,

"ಎಲ್ಲಾ ಸರಿಯಾಗೇ ಇದೆಯಲ್ಲಮ್ಮ, ಬೇಜಾರಾಗೋಕೆ ನನಗೇನು ಕಾರಣ?" ಅಂತ ಮೊನ್ನೆ ಕೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ. ಖಿನ್ನತೆಗೆ ಕಾರಣ ಇರಲೇಬೇಕು ಅಂತಿಲ್ಲ. ಕೆಲವರಿಗೆ ದೊಡ್ಡ ನೋವಾದ ಮೇಲೆ ಬರುತ್ತದೆ, ಕೆಲವರಿಗೆ ಹೆರಿಗೆಯಾದ ಮೇಲೆ, ಇನ್ನು ಕೆಲವರಿಗೆ ಎಲ್ಲಾ ಚೆನ್ನಾಗಿರುವಾಗಲೇ ಬಂದು ಕೂತುಬಿಡುತ್ತದೆ.

ಬೇಜಾರು ಯಾರಿಗೆ ಆಗಲ್ಲ ಹೇಳು? ಅತ್ತು, ಯಾರ ಹತ್ತಿರವಾದರೂ ಹೇಳಿಕೊಂಡರೆ ಸ್ವಲ್ಪ ಹಗುರಾಗುತ್ತದೆ. ಆದರೆ 2 ವಾರ ಅಥವಾ ಅದಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿಯೇ ಇದ್ದರೆ, ಇಷ್ಟಪಟ್ಟು ಮಾಡುತ್ತಿದ್ದ ಕೆಲಸವೂ ಬೇಡ ಅನಿಸಿದರೆ, ನಿದ್ದೆ ಬರದಿದ್ದರೆ ಇಲ್ಲವೇ ಎಷ್ಟು ಮಲಗಿದರೂ ಸಾಲದಿದ್ದರೆ, ಊಟ ಸೇರದೆ, ಓದಿದ್ದು ತಲೆಗೆ ಹತ್ತದೆ, ಸಣ್ಣದಕ್ಕೂ ಸಿಡುಕುವಂತಾದರೆ ತೋರಿಸಲೇಬೇಕು. ಅಳು ಬರಲೇಬೇಕು ಅಂತೇನಿಲ್ಲ. ಎಷ್ಟೋ ಜನ ನಗುನಗುತ್ತಾ ಕೆಲಸಕ್ಕೆ ಹೋಗಿಬಂದು ಒಳಗೊಳಗೇ ಒದ್ದಾಡುತ್ತಿರುತ್ತಾರೆ.

"ನಾನು ಯಾತಕ್ಕೂ ಬೇಡದವಳು" ಅನಿಸುತ್ತದಲ್ವಾ, ಅದು ನಿನ್ನ ಸ್ವಭಾವ ಅಲ್ಲ, ಕಾಯಿಲೆಯ ಲಕ್ಷಣ. ನನ್ನ ಬೇರೆ ಮಾತು ಮರೆತರೂ ಇದೊಂದನ್ನು ನಂಬು.

ಮೊದಲು ಮಾಮೂಲಿ ಡಾಕ್ಟರಿಗೇ ತೋರಿಸೋಣ. ಥೈರಾಯ್ಡ್ ಏರುಪೇರಾದರೂ, ವಿಟಮಿನ್ ಬಿ12 ಕಡಿಮೆಯಾದರೂ ಇದೇ ಥರ ಸುಸ್ತು, ಬೇಸರ ಇರುತ್ತದೆ, ಅದಕ್ಕೆ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಆಮೇಲೆ ಕೌನ್ಸೆಲಿಂಗ್ ಸಾಕೋ, ಮಾತ್ರೆಯೂ ಬೇಕೋ ಅಂತ ಅವರೇ ಹೇಳುತ್ತಾರೆ. ಎಷ್ಟೋ ಜನರಿಗೆ ಕೌನ್ಸೆಲಿಂಗ್‌ನಲ್ಲೇ ವಾಸಿಯಾಗುತ್ತದೆ. ಮನೋವೈದ್ಯರು ಮಾತ್ರೆ ಬರೆದುಕೊಟ್ಟರೆ ಹೆದರಬೇಡ. ಖಿನ್ನತೆಯ ಮಾತ್ರೆಗಳು ಚಟ ಹಿಡಿಸುವಂಥವಲ್ಲ. ಗುಣ ಕಾಣೋಕೆ ಕೆಲವು ವಾರ ಬೇಕು, ಶುರುವಿನಲ್ಲಿ ಹೊಟ್ಟೆ ತೊಳಸುವುದು, ತಲೆನೋವು ಬರಬಹುದು. ಹಾಗಂತ, ಅಥವಾ ಹುಷಾರಾದೆ ಅಂತ, ನೀನಾಗೇ ನಿಲ್ಲಿಸಬಾರದು. ಡಾಕ್ಟರಿಗೆ ಹೇಳಿದರೆ ಡೋಸ್ ಬದಲಿಸುತ್ತಾರೆ, ಬೇಡವಾದಾಗ ನಿಧಾನಕ್ಕೆ ಕಡಿಮೆ ಮಾಡಿಸುತ್ತಾರೆ. "ಧೈರ್ಯ ತಂದುಕೋ, ಎಲ್ಲಾ ಸರಿಹೋಗುತ್ತದೆ" ಅನ್ನುವವರು ಸಿಗುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನೊಂದು ಮಾತು, ನೇರವಾಗಿಯೇ ಕೇಳುತ್ತೇನೆ. ಬದುಕೋದೇ ಬೇಡ ಅನ್ನುವ ಯೋಚನೆ ಬರುತ್ತದಾ? ಬಂದರೆ ಆ ಕ್ಷಣವೇ ಫೋನ್ ಮಾಡು, ಎಷ್ಟು ಹೊತ್ತಾಗಿದ್ದರೂ ಸರಿ. ನಾನು ಸಿಗದಿದ್ದರೆ ಒಬ್ಬಳೇ ಇರಬೇಡ, ಹತ್ತಿರದವರನ್ನು ಕರೆದುಕೊಂಡು ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗು. ನಾನು ಬೈಯಲ್ಲ, ಗಾಬರಿಯೂ ಬೀಳಲ್ಲ.

ಡಾಕ್ಟರ್ ಮುಂದೆ ಮಾತು ಹೊರಡದಿದ್ದರೆ ಅಂತ, ಯಾವಾಗಿನಿಂದ ಹೀಗಿದೆ, ಏನೇನು ಆಗುತ್ತಿದೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೋ. ಅಪಾಯಿಂಟ್‌ಮೆಂಟ್ ನಾನೇ ತೆಗೆದುಕೊಳ್ಳುತ್ತೇನೆ, ಜೊತೆಗೂ ಬರುತ್ತೇನೆ. ನಿನಗೆ ಯಾವ ದಿನ ಆಗುತ್ತದೆ ಅಂತ ಒಂದು ಮೆಸೇಜ್ ಹಾಕು.

ಅಮ್ಮ