ಹೂಟರ್ ಗೋಡೆಯ ಮೇಲಿದ್ದರೆ ಸಾಲದು, ಮೇಲಿನ ಮಹಡಿಯಲ್ಲೂ ಕೂಗಬೇಕು

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹಡಗು ಸ್ಫೋಟಿಸಿದಾಗ ಪ್ರಾಣ ಕಳೆದುಕೊಂಡ ಅಗ್ನಿಶಾಮಕ ಸಿಬ್ಬಂದಿಯ ನೆನಪಿಗಾಗಿ ಇದನ್ನು ಆಚರಿಸುತ್ತಾರೆ. ಆ ವಾರ ಬೆಂಗಳೂರಿನ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಒಂದು ಡ್ರಿಲ್ ಆಗುತ್ತದೆ. ಸೆಕ್ಯೂರಿಟಿಯವರು ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ತೋರಿಸುತ್ತಾರೆ, ಫೋಟೊ ತೆಗೆಯುತ್ತಾರೆ, ಗ್ರೌಂಡ್ ಫ್ಲೋರ್‌ನ ಕೆಂಪು ಡಬ್ಬಿಯ ಬಟನ್ ಒತ್ತಿ ಹೂಟರ್ (ಬೆಂಕಿಯ ಎಚ್ಚರಿಕೆ ಕೊಡುವ ಸೈರನ್) ಕೂಗಿಸುತ್ತಾರೆ. ಕೆಳಗೆ ನಿಂತವರ ಕಿವಿಗೆ ಬಿತ್ತು, ಅಲಾರಂ ಸರಿಯಾಗಿದೆ ಅಂತ ರಿಜಿಸ್ಟರ್‌ನಲ್ಲಿ ಬರೆದಾಯಿತು. ಹನ್ನೆರಡನೇ ಮಹಡಿಯ ಹೂಟರ್ ಕೂಗಿತಾ ಅಂತ ಯಾರೂ ಹತ್ತಿ ನೋಡುವುದಿಲ್ಲ.

ನಾನು ಈ ಕೆಲಸದಲ್ಲೇ ಇರುವವನು. ಇಡೀ ಅಲಾರಂ ನಡೆಸುವ ಪೆಟ್ಟಿಗೆಯಾದ ಫೈರ್ ಅಲಾರಂ ಪ್ಯಾನೆಲ್, ಹೂಟರ್, ಮಿಂಚುವ ಸ್ಟ್ರೋಬ್ ಲೈಟು, ಅವಕ್ಕೆ ಕರೆಂಟ್ ಕೊಡುವ ಪವರ್ ಸಪ್ಲೈ, ಇವುಗಳ ವೈರಿಂಗ್ ಮಾಡಿಸುತ್ತೇನೆ, ಬೇರೆಯವರು ಮಾಡಿದ್ದನ್ನು ಬಿಚ್ಚಿ ನೋಡುತ್ತೇನೆ. ಬಿಚ್ಚಿ ನೋಡಿದಾಗ ಕಾಣುವುದು ಹೊಟ್ಟೆ ಉರಿಸುತ್ತದೆ. ಅದಕ್ಕೇ ಈ ಪತ್ರ.

ಓದುಗರಿಗೆ ಮೊದಲು ಒಂದು ವಿಷಯ ತಿಳಿದಿರಬೇಕು. ಮಾಮೂಲಿ ದಿನಗಳಲ್ಲಿ ಹೂಟರ್ ಸುಮ್ಮನಿದ್ದರೂ ಅದರ ಲೈನ್ ಸುಮ್ಮನಿರುವುದಿಲ್ಲ. ಪ್ಯಾನೆಲ್ಲು ಆ ಎರಡು ವೈರ್‌ಗಳಲ್ಲಿ ಸಣ್ಣ ಕರೆಂಟ್ ಹರಿಸುತ್ತಲೇ ಇರುತ್ತದೆ, ಅದೂ ಪ್ಲಸ್ ಮೈನಸ್ ಉಲ್ಟಾ ಮಾಡಿ. ಹೂಟರ್ ಒಳಗಿರುವ ಡಯೋಡ್ ಆ ಉಲ್ಟಾ ಕರೆಂಟನ್ನು ತಡೆಯುವುದರಿಂದ ಹೂಟರ್ ಕೂಗುವುದಿಲ್ಲ. ಲೈನಿನ ತುದಿಯಲ್ಲಿ, ಕೊನೆಯ ಹೂಟರ್‌ನಲ್ಲಿ, ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ. ನಾವು ಅದನ್ನು ಇಒಎಲ್, ಅಂದರೆ ಎಂಡ್ ಆಫ್ ಲೈನ್, ಅಂತೀವಿ. ಕರೆಂಟ್ ಅದರ ಮೂಲಕ ಹೋಗಿ ವಾಪಸ್ ಬಂದರೆ ಲೈನ್ ಪೂರ್ತಿ ಇದೆ ಎಂದರ್ಥ. ನಡುವೆ ಎಲ್ಲಾದರೂ ವೈರ್ ಕಡಿದರೆ ವಾಪಸ್ ಬರುವುದಿಲ್ಲ, ಪ್ಯಾನೆಲ್ ಮೇಲೆ ಹಳದಿ ಫಾಲ್ಟ್ ಲೈಟ್ ಹತ್ತುತ್ತದೆ. ಬೆಂಕಿ ಬಿದ್ದಾಗ ಪ್ಯಾನೆಲ್ಲು ಪ್ಲಸ್ ಮೈನಸ್ ತಿರುಗಿಸಿ ಪೂರ್ತಿ 24 ವೋಲ್ಟ್ ಬಿಡುತ್ತದೆ, ಆಗ ಎಲ್ಲ ಹೂಟರ್‌ಗಳೂ ಒಟ್ಟಿಗೆ ಕೂಗಬೇಕು. ಎಷ್ಟು ಚೆನ್ನಾದ ಏರ್ಪಾಡು ನೋಡಿ, ಅಪಾಯ ಬರುವ ಎಷ್ಟೋ ದಿನ ಮೊದಲೇ ತನ್ನ ವೈರ್ ಕಡಿದಿದೆ ಅಂತ ತಾನೇ ಹೇಳುವ ವ್ಯವಸ್ಥೆ ಇದು.

ಈ ಏರ್ಪಾಡನ್ನೇ ಕೆಲವರು ಕಟ್ಟಿಹಾಕುತ್ತಾರೆ. ಒಂದು ಅಪಾರ್ಟ್‌ಮೆಂಟ್‌ನಲ್ಲಿ ಪ್ಯಾನೆಲ್ ಬಾಗಿಲು ತೆಗೆದೆ. ಹಸಿರು ಲೈಟ್ ಉರಿಯುತ್ತಿತ್ತು, ಫಾಲ್ಟ್ ಇಲ್ಲ. ಟರ್ಮಿನಲ್ ಕಡೆ ಟಾರ್ಚ್ ಬಿಟ್ಟು ನೋಡಿದರೆ, ಹನ್ನೆರಡನೇ ಮಹಡಿಯಲ್ಲಿರಬೇಕಾದ ರೆಸಿಸ್ಟರ್ ಪ್ಯಾನೆಲ್ಲಿನ ಎರಡು ಸ್ಕ್ರೂಗಳ ನಡುವೆಯೇ ಕೂತಿತ್ತು. ಪಕ್ಕದಲ್ಲೇ ಮೇಲೆ ಹೋಗುವ ಕೇಬಲ್. ಯಾವಾಗಲೋ ಫಾಲ್ಟ್ ಬಂದಿದೆ, ಎಲ್ಲಿ ಕಡಿದಿದೆ ಅಂತ ಮಹಡಿ ಮಹಡಿ ಹುಡುಕುವ ಬದಲು ರೆಸಿಸ್ಟರನ್ನು ಇಲ್ಲೇ ಹಾಕಿ ಹಳದಿ ಲೈಟ್ ಆರಿಸಿ ಹೋಗಿದ್ದಾರೆ. ಮೂರನೇ ಮಹಡಿಯಲ್ಲಿ ಯಾರೋ ಫಾಲ್ಸ್ ಸೀಲಿಂಗ್ ಮಾಡಿಸುವಾಗ ಕೇಬಲ್ ತುಂಡಾಗಿತ್ತು. ಅಲ್ಲಿಂದ ಮೇಲಿನ ಒಂದು ಹೂಟರ್‌ಗೂ ಜೀವ ಇರಲಿಲ್ಲ. ಆ ಮಹಡಿಗಳಲ್ಲಿ ಮಕ್ಕಳಿದ್ದಾರೆ, ಮೆಟ್ಟಿಲು ಇಳಿಯಲು ಕಷ್ಟಪಡುವ ವಯಸ್ಸಾದವರಿದ್ದಾರೆ. ಒಂದು ಲೈಟ್ ಆರಿಸುವುದಕ್ಕೋಸ್ಕರ ಇವರನ್ನೆಲ್ಲ ಕತ್ತಲಲ್ಲಿ ಇಟ್ಟಿದ್ದು ತಪ್ಪಲ್ವಾ?

ಇನ್ನೊಂದು, ಕವಲು ಹೊಡೆಯುವುದು. ಮನೆಯ ಲೈಟ್ ವೈರಿಂಗ್ ಮಾಡಿದ ಅಭ್ಯಾಸದಲ್ಲಿ ಎಲೆಕ್ಟ್ರಿಷಿಯನ್‌ಗಳು ಹತ್ತಿರದ ಜಂಕ್ಷನ್ ಬಾಕ್ಸ್‌ನಿಂದ ಒಂದು ಕವಲು ಎಳೆದು ಹೂಟರ್ ಹಾಕಿಬಿಡುತ್ತಾರೆ. ಹೂಟರ್ ಕೂಗುತ್ತದೆ, ನಿಜ. ಆದರೆ ತುದಿಯ ರೆಸಿಸ್ಟರ್‌ಗೆ ಹೋಗುವ ದಾರಿಯಲ್ಲಿ ಆ ಕವಲು ಇಲ್ಲ, ಅದು ಕಡಿದರೆ ಪ್ಯಾನೆಲ್‌ಗೆ ಗೊತ್ತೇ ಆಗುವುದಿಲ್ಲ. ಲೈನ್ ಒಂದು ಹೂಟರ್‌ನ ಒಳಗೆ ಹೋಗಿ, ಹೊರಗೆ ಬಂದು, ಮುಂದಿನದಕ್ಕೆ ಹೋಗಬೇಕು. ಟರ್ಮಿನಲ್‌ನಲ್ಲೂ ವೈರ್ ಕತ್ತರಿಸಿ ಎರಡು ತುದಿಯನ್ನು ಬೇರೆ ಬೇರೆ ಬಿಗಿಯಬೇಕು. ಕತ್ತರಿಸದೆ ಸುಮ್ನೆ ಸ್ಕ್ರೂಗೆ ಸುತ್ತಿದರೆ, ಸ್ಕ್ರೂ ಸಡಿಲವಾಗಿ ಹೂಟರ್ ಕಳಚಿಕೊಂಡರೂ ಹಸಿರು ಲೈಟ್ ಹಸಿರಾಗೇ ಇರುತ್ತದೆ.

ದೊಡ್ಡ ಕಟ್ಟಡಗಳಲ್ಲಿ ಪ್ಯಾನೆಲ್ಲಿನ ಕರೆಂಟ್ ಎಲ್ಲ ಹೂಟರ್‌ಗಳಿಗೆ ಸಾಲುವುದಿಲ್ಲ. ಅದಕ್ಕೆ ಅಲ್ಲಲ್ಲಿ ಬೇರೆ ಪವರ್ ಸಪ್ಲೈ ಹಾಕುತ್ತೇವೆ, ಪ್ಯಾನೆಲ್ ಸಿಗ್ನಲ್ ಕೊಟ್ಟಾಗ ಅದು ತನ್ನ ಬ್ಯಾಟರಿ ಇಟ್ಟುಕೊಂಡು ಹೂಟರ್‌ಗಳನ್ನು ನಡೆಸುತ್ತದೆ. ಇಲ್ಲಿ ಜಾಸ್ತಿ ಜನ ಬಿಡುವುದು ಕೇಬಲ್ ಲೆಕ್ಕವನ್ನು. ಒಂದು ಉದಾಹರಣೆ ಹೇಳುತ್ತೇನೆ. ಪವರ್ ಸಪ್ಲೈಯಿಂದ ಕೊನೆಯ ಹೂಟರ್‌ಗೆ 150 ಮೀಟರ್ ಕೇಬಲ್. ಸ್ಟ್ರೋಬ್ ಸೇರಿದ 15 ಹೂಟರ್, ಒಂದೊಂದಕ್ಕೆ 100 ಮಿಲಿಆಂಪ್, ಒಟ್ಟು ಒಂದೂವರೆ ಆಂಪ್. ಹೋಗಿ ಬರುವ ವೈರ್ ಸೇರಿ 300 ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದ ವೈರ್‌ಗೆ ಕಿಲೋಮೀಟರ್‌ಗೆ ಸುಮಾರು 12 ಓಮ್, ಅಂದರೆ ಇಲ್ಲಿ 3.6 ಓಮ್. ಎಲ್ಲ ಲೋಡೂ ತುದಿಯಲ್ಲೇ ಇದೆ ಅಂತ ಹಿಡಿದರೆ, ಹಾಗೆ ಹಿಡಿಯುವುದೇ ಕ್ಷೇಮ, ದಾರಿಯಲ್ಲೇ 5.4 ವೋಲ್ಟ್ ಕರಗುತ್ತದೆ. ಮೇನ್ಸ್, ಅಂದರೆ ಹೊರಗಿನ ಕರೆಂಟ್, ಇದ್ದಾಗ 24ರಲ್ಲಿ ಅಷ್ಟು ಕಳೆದರೂ ಹೇಗೋ ನಡೆಯುತ್ತದೆ. ಬೆಂಕಿ ಬಿದ್ದಾಗ ಮೊದಲು ಹೋಗುವುದೇ ಮೇನ್ಸ್! ಬ್ಯಾಟರಿ ಇಳಿದು 20.4 ವೋಲ್ಟ್‌ಗೆ ಬಂದಾಗ ತುದಿಯಲ್ಲಿ ಉಳಿಯುವುದು 15. ಸಾಮಾನ್ಯವಾಗಿ ಈ ಉಪಕರಣಗಳಿಗೆ ಕನಿಷ್ಠ 16 ಬೇಕು. ಜೊತೆಗೆ ಸ್ಟ್ರೋಬ್‌ಗಳದ್ದು ಒಂದು ಗುಣ, ವೋಲ್ಟೇಜ್ ಇಳಿದಷ್ಟೂ ಅವು ಕರೆಂಟ್ ಜಾಸ್ತಿ ಎಳೆಯುತ್ತವೆ, ಅದರಿಂದ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಇದೇ ಜಾಗಕ್ಕೆ 2.5 ಚದರ ಮಿಲಿಮೀಟರ್ ಕೇಬಲ್ ಎಳೆದಿದ್ದರೆ ತುದಿಯಲ್ಲಿ 17 ವೋಲ್ಟ್ ಸಿಗುತ್ತಿತ್ತು. ಕೇಬಲ್ಲಿನಲ್ಲಿ ಉಳಿಸುವ ದುಡ್ಡಿಗೆ ಕೊನೆಯ ಮನೆಯವರು ಬೆಲೆ ತೆರಬೇಕಾ?

ಬ್ಯಾಟರಿ ವಿಷಯವನ್ನಂತೂ ಎಲ್ಲರೂ ಮರೆಯುತ್ತಾರೆ. ಮನೆಯ ಯುಪಿಎಸ್ ಇದ್ದ ಹಾಗೇ ಇದು, ಲೈಟ್ ನೋಡಿದರೆ ಫುಲ್ ಚಾರ್ಜ್, ಕರೆಂಟ್ ಹೋದ ಐದು ನಿಮಿಷಕ್ಕೆ ಫ್ಯಾನ್ ನಿಲ್ಲುತ್ತದೆ. ಹಳೆಯ ಬ್ಯಾಟರಿಗೆ ಲೋಡ್ ಕೊಡದೆ ಅದರ ನಿಜ ಸ್ಥಿತಿ ತಿಳಿಯುವುದಿಲ್ಲ. ಪವರ್ ಸಪ್ಲೈನ ಎಂಸಿಬಿ ಸ್ವಿಚ್ಚನ್ನು ಲಾಬಿ ಲೈಟಿನ ಜೊತೆ ಸೇರಿಸಿರುವುದನ್ನೂ ನೋಡಿದ್ದೇನೆ. ಯಾರೋ ಕರೆಂಟ್ ಉಳಿಸಲು ರಾತ್ರಿ ಆರಿಸುತ್ತಾರೆ, ಇದೂ ಆರುತ್ತದೆ. ಪವರ್ ಸಪ್ಲೈನ ಫಾಲ್ಟ್ ಸಿಗ್ನಲ್ಲನ್ನು ಪ್ಯಾನೆಲ್‌ಗೆ ಎಳೆದಿರದಿದ್ದರೆ ಇದು ಯಾರಿಗೂ ಗೊತ್ತಾಗುವುದಿಲ್ಲ.

ಸ್ಟ್ರೋಬ್ ಸುಮ್ನೆ ಖರ್ಚು ಅಂತ ಬಿಲ್ಡರ್‌ಗಳು ಹೇಳುವುದನ್ನು ಕೇಳಿದ್ದೇನೆ. ಕಿವಿ ಕೇಳದವರಿಗೆ ಆ ಮಿಂಚೇ ಅಲಾರಂ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇರುವ ದೇಶ ನಮ್ಮದು. ಕಿವಿ ಚೆನ್ನಾಗಿರುವವರ ಪಾಡೂ ಅಷ್ಟೇನೂ ಸುಲಭವಲ್ಲ. ಒಂದು ಮೀಟರ್ ದೂರದಲ್ಲಿ 100 ಡೆಸಿಬಲ್ ಕೂಗುವ ಹೂಟರ್, ದೂರ ಎರಡು ಪಟ್ಟಾದಾಗಲೆಲ್ಲ 6 ಕಳೆದುಕೊಳ್ಳುತ್ತದೆ. ಎಂಟು ಮೀಟರ್‌ನಲ್ಲಿ 82, ಆಮೇಲೆ ಮುಂಬಾಗಿಲು, ಬೆಡ್‌ರೂಮ್ ಬಾಗಿಲು. ಮಲಗಿದವರನ್ನು ಎಬ್ಬಿಸಲು ದಿಂಬಿನ ಹತ್ತಿರ 75 ಬೇಕು. ಕಾರಿಡಾರ್‌ನಲ್ಲಿ ಒಂದು ಹೂಟರ್ ಹಾಕಿ ಕೈತೊಳೆದುಕೊಂಡರೆ ಎಲ್ಲಿಂದ ಬರಬೇಕು ಅದು?

2010ರ ಫೆಬ್ರವರಿ 23ರಂದು ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತರು. ಹೊಗೆಯಲ್ಲಿ ಸಿಕ್ಕಿಕೊಂಡವರು ಕಿಟಕಿಯಿಂದ ಹಾರಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ಹೊಗೆ ಮೇಲೇರುವುದಕ್ಕೆ ತುಂಬಾ ಹೊತ್ತು ಬೇಕಿಲ್ಲ. ಮೇಲಿನವರಿಗೆ ಎರಡು ನಿಮಿಷ ಮುಂಚೆ ಗೊತ್ತಾದರೆ ಮೆಟ್ಟಿಲಿನ ದಾರಿ ಇನ್ನೂ ತೆರೆದಿರುತ್ತದೆ.

ಆದ್ದರಿಂದ ಅಪಾರ್ಟ್‌ಮೆಂಟ್ ಸಂಘಗಳವರಲ್ಲಿ ಕೇಳಿಕೊಳ್ಳುತ್ತೇನೆ. ಮುಂದಿನ ಸಲ ಎಎಂಸಿಯವರು (ವರ್ಷದ ನಿರ್ವಹಣೆ ಗುತ್ತಿಗೆಯವರು) ಬಂದಾಗ ಪ್ಯಾನೆಲ್‌ಗೂ ಪವರ್ ಸಪ್ಲೈಗೂ ಮೇನ್ಸ್ ಆರಿಸಿಸಿ. ಬ್ಯಾಟರಿ ಮೇಲೇ ಅಲಾರಂ ಕೂಗಿಸಿ, ಕೊನೆಯ ಹೂಟರ್‌ನಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ಬರೆಸಿಕೊಳ್ಳಿ. ಒಬ್ಬರು ಬಾಗಿಲು ಹಾಕಿಕೊಂಡು ಬೆಡ್‌ರೂಮ್‌ನಲ್ಲಿ ನಿಂತು ಕೇಳಿ. ಅಲಾರಂ ನಿಲ್ಲಿಸಿದ ಮೇಲೆ ಕೊನೆಯ ಹೂಟರ್‌ನ ಒಂದು ವೈರ್ ಬಿಚ್ಚಿಸಿ, ಮೂರು ನಾಲ್ಕು ನಿಮಿಷದೊಳಗೆ ಪ್ಯಾನೆಲ್‌ನಲ್ಲಿ ಫಾಲ್ಟ್ ಬರದಿದ್ದರೆ ಅವರ ರಿಪೋರ್ಟ್‌ಗೆ ಸಹಿ ಹಾಕಿ ಕಳಿಸಬೇಡಿ. ಅಗ್ನಿಶಾಮಕ ಇಲಾಖೆಯವರು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಡುವ ಮುಂಚೆ ಬ್ಯಾಟರಿ ಮೇಲೆ ಕೂಗಿಸುವ, ವೈರ್ ಬಿಚ್ಚಿ ನೋಡುವ ಇದೇ ಎರಡು ಪರೀಕ್ಷೆಯ ವರದಿಯನ್ನು, ಪ್ರತಿ ಲೈನಿನ ಕೊನೆಯ ಹೂಟರ್‌ನ ವೋಲ್ಟೇಜ್ ಸಮೇತ, ಕಡ್ಡಾಯವಾಗಿ ಕೇಳಬೇಕು. ಇದಕ್ಕೆ ಬೇಕಾಗುವುದು ಒಂದು ಏಣಿ, ಒಂದು ಮೀಟರ್, ಇಬ್ಬರು ಜನ.

ಇಂತಿ,
ಫೈರ್ ಅಲಾರಂ ಕೆಲಸದ ಒಬ್ಬ ಓದುಗ
ಬೆಂಗಳೂರು