ಮಗಳಿಗೊಂದು ಪತ್ರ: ಸರ್ಕಾರದ ಅಪ್ಪಣೆ, ದೇಶದ ಸೇವೆ

ಪ್ರೀತಿಯ ಪುಟ್ಟಿ,

ಸೈನ್ಯಕ್ಕೆ ಸೇರುವುದೇ ದೇಶಸೇವೆ, ಅದರಲ್ಲಿ ಎರಡನೇ ಮಾತೇ ಇಲ್ಲ ಅಂತ ಬರೆದಿದ್ದೀಯ. ಸೇರಬೇಡ ಅಂತ ನಾನು ಹೇಳುವುದಿಲ್ಲ. ಪ್ರಾಣ ಒತ್ತೆಯಿಟ್ಟು ಗಡಿ ಕಾಯುವವರ ಮೇಲೆ ನನಗೂ ತುಂಬಾ ಗೌರವವಿದೆ. ಆದರೆ ಎರಡನೇ ಮಾತು ಇದೆ, ಕೇಳು.

ದೇಶ ಅಂದರೆ ಅಲ್ಲಿನ ಜನ. ಸರ್ಕಾರ ಅವರ ಹೆಸರಿನಲ್ಲಿ ಆಳುತ್ತದೆ, ಬದಲಾಗುತ್ತದೆ. ಸೈನಿಕರಿಗೆ ಅಪ್ಪಣೆ ಬರುವುದು ಸರ್ಕಾರದಿಂದ. ಆ ಅಪ್ಪಣೆ ಜನರನ್ನು ಕಾಯುವುದಕ್ಕಾದರೆ ಎರಡೂ ಸೇವೆ ಒಂದೇ. ಆಗದಿದ್ದರೆ?

1930ರ ಏಪ್ರಿಲ್ 23ರಂದು ಪೇಶಾವರದಲ್ಲಿ ನಿರಾಯುಧ ಜನರ ಮೇಲೆ ಗುಂಡು ಹಾರಿಸಿ ಅಂತ ಬ್ರಿಟಿಷ್ ಸರ್ಕಾರದ ಸೈನ್ಯಕ್ಕೆ ಅಪ್ಪಣೆಯಾಯಿತು. ಆ ಸೈನ್ಯದಲ್ಲಿದ್ದ ಚಂದ್ರಸಿಂಗ್ ಗಢ್ವಾಲಿ ಮತ್ತು ಅವರ ಜೊತೆಗಿದ್ದ ಸೈನಿಕರು ಒಪ್ಪಲಿಲ್ಲ. ಚಂದ್ರಸಿಂಗರಿಗೆ ಜೀವಾವಧಿ ಶಿಕ್ಷೆಯಾಯಿತು. ಅದು ಪರದೇಶದವರ ಸರ್ಕಾರ ಅಲ್ವಾ ಅಂತ ನೀನು ಕೇಳಬಹುದು.

ಹಾಗಾದರೆ ಜನರೇ ಆರಿಸಿದ ಸರ್ಕಾರದ ಸೈನ್ಯವನ್ನು ನೋಡು. 1968ರ ಮಾರ್ಚ್ 16ರಂದು ವಿಯೆಟ್ನಾಂನ ಮಿ ಲಾಯ್‌ನಲ್ಲಿ ಅಮೆರಿಕದ ಸೈನಿಕರು ನೂರಾರು ಹಳ್ಳಿಗರನ್ನು ಕೊಂದರು. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ಅದನ್ನು ಮೇಲಿನಿಂದ ಕಂಡರು. ಸುಮ್ನೆ ಹಾರಿ ಹೋಗಬಹುದಿತ್ತು. ಹೋಗಲಿಲ್ಲ. ಹೆದರಿ ಅಡಗಿದ್ದ ಹಳ್ಳಿಗರಿಗೂ ತಮ್ಮದೇ ಸೈನಿಕರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿದರು. ಆ ಸೈನಿಕರು ಹಳ್ಳಿಗರ ಮೇಲೆ ಗುಂಡು ಹಾರಿಸಿದರೆ ನೀವು ಸೈನಿಕರ ಮೇಲೆ ಹಾರಿಸಿ ಅಂತ ತಮ್ಮ ಜೊತೆಗಾರರಿಗೆ ಹೇಳಿದರು. ಸಿಕ್ಕಷ್ಟು ಜನರನ್ನು ಅಲ್ಲಿಂದ ಪಾರು ಮಾಡಿದರು. ಎಷ್ಟೋ ಜನ ಅವರನ್ನು ದ್ರೋಹಿ ಅಂದರು, ಕೊಲೆ ಬೆದರಿಕೆಗಳೂ ಬಂದವು. ತಮ್ಮದೇ ಸೈನಿಕರನ್ನು ತಡೆದ ಈ ಕೆಲಸವನ್ನು ಒಪ್ಪಿಕೊಂಡು ಅವರ ಸೈನ್ಯ ಪದಕ ಕೊಟ್ಟಿದ್ದು 1998ರಲ್ಲಿ! ಆ ದಿನ ಅಮೆರಿಕದ ಮಾನ ಉಳಿಸಿದ್ದು ಥಾಂಪ್ಸನ್ ಅಂತಲೇ ನಾನು ನಂಬುತ್ತೇನೆ.

ತನಗೆ ಹಿಡಿಸಿದ ಅಪ್ಪಣೆ ಮಾತ್ರ ಪಾಲಿಸುತ್ತೇನೆ ಅಂತ ಪ್ರತಿ ಸೈನಿಕನೂ ಹೊರಟರೆ ಸೈನ್ಯ ನಡೆಯುವುದಿಲ್ಲ, ಗೊತ್ತು. ನಾನು ಹೇಳುತ್ತಿರುವುದು ಹಿಡಿಸದ ಅಪ್ಪಣೆಯ ಮಾತಲ್ಲ, ಅಪರಾಧ ಮಾಡು ಅನ್ನುವ ಅಪ್ಪಣೆಯ ಮಾತು. ಜರ್ಮನಿಯಲ್ಲಿ 1934ರಲ್ಲಿ ಸೈನಿಕರಿಂದ ಹಿಟ್ಲರ್ ಹೆಸರಿನಲ್ಲೇ ಪ್ರಮಾಣ ಮಾಡಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಯುದ್ಧಾಪರಾಧಗಳ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲಿ, ಮೇಲಿನವರು ಹೇಳಿದ್ದನ್ನು ಮಾಡಿದೆವು ಅಂತ ಹೇಳಿ ತಪ್ಪಿಸಿಕೊಳ್ಳಲು ನ್ಯಾಯಾಲಯ ಬಿಡಲಿಲ್ಲ.

ಸಹಿ ಹಾಕುವ ಮುಂಚೆ ನೀನು ಮಾಡಬೇಕಾದ ಪ್ರಮಾಣವನ್ನು ಪೂರ್ತಿ ಓದು. ಯಾವ ಅಪ್ಪಣೆಗೆ ಇಲ್ಲ ಅನ್ನುತ್ತೀಯ ಅಂತ ಈಗಲೇ ಯೋಚಿಸಿ ನನಗೆ ಬರೆ.

ನಿನ್ನ ಅಪ್ಪ